ಕೋವಿಗೆ ಹಿಡಿಸಿದ ತೋಟಾ

ಕೋವಿ ಇಟ್ಟುಕೊಂಡವನು ಕಾಡಿಗೆ ಹೋಗಿ ನಗೆಪಾಟಲಾಗುತ್ತಾನೆ ಅಂತ ಜನ ಅಂದುಕೊಂಡಿದ್ದಾರೆ. ನನಗೆ ಅಷ್ಟು ದೂರ ಹೋಗುವ ಅಗತ್ಯವೇ ಬಿದ್ದಿಲ್ಲ. ತೋಟಾ ಕೊಳ್ಳುವ ಅಂಗಡಿಯಿಂದಲೇ ಶುರುವಾಗುತ್ತದೆ.

ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಆಮೇಲೆ ಯಾವುದನ್ನೂ ಹಿಡಿದು ಕೂತಿಲ್ಲ. ಸಿಡ್ನಿಯಲ್ಲಿ ಹೋಟೆಲ್ ಅಡುಗೆಮನೆ, ಕೊರಿಯರ್ ವ್ಯಾನು. ಬೇಸರವಾದ ದಿನ ಮೆಲ್ಬರ್ನಿಗೆ ಬಂದೆ. ಇಲ್ಲಿಂದ ಮೂರು ಗಂಟೆ ದೂರದ ಒಂದು ಕುರಿ ಫಾರ್ಮಿಗೆ ಬೇಲಿ ಹಾಕಲು ಹೋದಾಗ ಅದರ ಮುದುಕ ಮಾಲೀಕನ ಪರಿಚಯವಾಯಿತು. ಮರಿ ಹಾಕುವ ಕಾಲದಲ್ಲಿ ನರಿ ಕಾಟ. ನರಿ ಹೊಡೆಯೋಕೆ ಬರಲಾ ಅಂದೆ. ನೂರು ಮೀಟರಿನಿಂದ ಮೂರು ಗುಂಡು ಒಂದು ಬಿಸ್ಕತ್ತಿನಷ್ಟು ಜಾಗದಲ್ಲಿ ಬೀಳಿಸುವವನಾದರೆ ಬಾ, ಗಾಯ ಮಾಡಿ ಓಡಿಸುವವನಾದರೆ ಬೇಡ ಅಂದ. ಅವನು ಬರೆದುಕೊಡುವ ಒಪ್ಪಿಗೆ ಪತ್ರ ಇದ್ದರಷ್ಟೇ ನನ್ನ ಬೇಟೆ. ಎರಡು ವರ್ಷ ಬೇಸರವಿಲ್ಲದೆ ಹೋಗಿ ಬಂದ ಜಾಗ ನನ್ನ ಬದುಕಿನಲ್ಲಿ ಅದೊಂದೇ. ಅದನ್ನು ಕಳೆದುಕೊಂಡದ್ದು ಹೀಗೆ. ನಗು ಬಂದ ಕಡೆ ನಕ್ಕುಬಿಡಿ.

೧. ರುಚಿ ನೋಡೋದು

ಅಂಗಡಿಯ ಕೌಂಟರಿನಲ್ಲಿ ಬಿಳಿಗೂದಲಿನ ಒಬ್ಬ ಹೆಂಗಸು, ಬಂದವರನ್ನೆಲ್ಲ 'ಲವ್' ಅಂತಲೇ ಕರೆಯುವವಳು. ಎಲ್ಲಕ್ಕಿಂತ ಒಳ್ಳೆಯ ತೋಟಾ ಕೊಡಿ ಅಂದೆ. ಹಾಗಂತ ಒಂದಿಲ್ಲ, ಒಂದೇ ಕಂಪನಿಯ ಎರಡು ಕೋವಿಗೂ ಬೇರೆ ಬೇರೆ ತೋಟಾ ಹಿಡಿಸುತ್ತೆ, ನಾಲ್ಕು ಥರದ್ದು ಒಂದೊಂದು ಡಬ್ಬಿ ಒಯ್ದು ನಿನ್ನ ಕೋವಿಯನ್ನೇ ಕೇಳು ಅಂದಳು. ನನಗೆ ಸಿಡ್ನಿಯಲ್ಲಿ ನಮ್ಮವರೇ ತುಂಬಿರುವ ಹ್ಯಾರಿಸ್ ಪಾರ್ಕಿನ ದಿನಗಳು ನೆನಪಾದವು. ಅಲ್ಲಿ ಮಿಠಾಯಿ ಅಂಗಡಿಯವರು ಮೊದಲು ಒಂದು ಚೂರು ಬಾಯಿಗೆ ಕೊಡುತ್ತಾರೆ, ಹಿಡಿಸಿದರೆ ಕೊಳ್ಳುತ್ತೇವೆ. ಅದನ್ನು ಹೇಳಿ, ನೀವೂ ಐದೈದು ಬಿಡಿಯಾಗಿ ಕೊಡಿ ಅಂದೆ.

ಅವಳು ಕನ್ನಡಕ ತೆಗೆದು ಒರೆಸಿದಳು. "ಅಲ್ಲಿ ರುಚಿ ಹಿಡಿಸದಿದ್ದರೆ ಮಾತ್ರ ಉಗೀತೀಯ. ಕೋವಿ ರುಚಿ ಹಿಡಿಸಿದ್ರೂ ಉಗಿಯುತ್ತೆ, ಲವ್."

೨. ಆಯುಧಪೂಜೆ

ನಾನಿದ್ದದ್ದು ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ, ನನ್ನ ಅಕ್ಕನ ಮನೆಯ ಹಿಂದಿನ ರೂಮಿನಲ್ಲಿ. ಆಯುಧಪೂಜೆಯ ದಿನ ಅಕ್ಕ ಕಾರು, ಮಿಕ್ಸಿ, ಲ್ಯಾಪ್‌ಟಾಪ್, ವ್ಯಾಕ್ಯೂಮ್ ಕ್ಲೀನರ್ ಎಲ್ಲಕ್ಕೂ ಕುಂಕುಮ ಇಟ್ಟು ಬಂದಳು.

"ನಿಂದೂ ತಗೊಂಡು ಬಾರೋ. ಈ ಮನೇಲಿ ನಿಜವಾದ ಆಯುಧ ಅಂತ ಇರೋದು ಅದೊಂದೇ."

ಬೀಗದ ಪೆಟ್ಟಿಗೆಯಿಂದ ಖಾಲಿ ಕೋವಿ ತಂದು ಅವಳ ಮುಂದಿಟ್ಟೆ. ಕಾರಿನ ಹೆಡ್‌ಲೈಟಿಗೆ ಇಟ್ಟ ಹಾಗೇ ಕೋವಿಯ ದುರ್ಬೀನಿನ ಗಾಜಿಗೂ ಗಂಧ ಬಳಿದು ಕುಂಕುಮ ಇಟ್ಟಳು. ಪೂಜೆ ಮಾಡಿದ್ದನ್ನು ಹೇಗೆ ಒರೆಸೋದು? ಹಾಗೇ ಗುರಿ ಅಭ್ಯಾಸದ ರೇಂಜಿಗೆ ಒಯ್ದೆ. ಗುರಿ ಹಲಗೆ ಮಂಜಿನಲ್ಲಿ ಮುಳುಗಿದಂತೆ ಕಾಣುತ್ತಿತ್ತು. ನಾಲ್ಕು ಡಬ್ಬಿಯಿಂದಲೂ ಮೂರು ಮೂರು ಹೊಡೆದೆ, ಎಲ್ಲಾ ಚೆಲ್ಲಾಪಿಲ್ಲಿ. ಅದರಲ್ಲೂ ಹಸಿರು ಡಬ್ಬಿಯದ್ದು ತೀರಾ ಅತ್ತ ಇತ್ತ. ಇದು ದಂಡ ಅಂತ ಆ ಡಬ್ಬಿಯಲ್ಲಿ ಉಳಿದದ್ದನ್ನು ಪಕ್ಕದ ಬೆಂಚಿನವನಿಗೆ ಕೊಟ್ಟುಬಿಟ್ಟೆ. ಅವನು ಅದರಲ್ಲಿ ಐದು ಹೊಡೆದು, ಐದನ್ನೂ ಒಂದೇ ತೂತಿನಲ್ಲಿ ತೂರಿಸಿ, ಬಂದು ನನ್ನ ಕೈ ಕುಲುಕಿದ.

ಪೂಜೆ ನನ್ನದು, ವರ ಅವನಿಗೆ.

೩. ಒಂದೇ ಅಳತೆ

ಗಾಜು ಒರೆಸಿ, ಹಸಿರು ಡಬ್ಬಿ ಮತ್ತೆ ಕೊಂಡು ಹೊಡೆದೆ. ಮೂರು ಗುಂಡೂ ಬಿಸ್ಕತ್ತಿನೊಳಗೆ. ಆ ಕಾಗದ ನೋಡಿ ಮುದುಕ ಮೊದಲ ಸಲ ನನ್ನ ಭುಜ ತಟ್ಟಿದ. ದುರ್ಬೀನನ್ನು ಈ ತೋಟಾಕ್ಕೇ ಹೊಂದಿಸಿದ್ದೀಯ, ಇನ್ನು ಬದಲಾಯಿಸಬೇಡ ಅಂದ. ಆಯಿತು ಅಂದೆ. ಅಲ್ಲಿವರೆಗೆ ನಾನು ಆಯಿತು ಅಂದದ್ದು ಯಾವುದು ಆಗಿತ್ತು?

ಅಷ್ಟಿಷ್ಟು ಉಳಿದ ಬೇಳೆಗಳನ್ನೆಲ್ಲ ಒಂದೇ ಡಬ್ಬಿಗೆ ಸುರಿಯುವ ಮನೆಯವನು ನಾನು. ಬೇರೆ ಮೂರು ಡಬ್ಬಿಯ ತೋಟಾ ಬಿಸಾಡಲು ಮನಸ್ಸು ಬರಲಿಲ್ಲ. ಎಲ್ಲಾ ನನ್ನ ಕೋವಿಗೆ ಕೂರುವಂಥದ್ದೇ ತಾನೇ ಅಂತ ಹಸಿರು ಡಬ್ಬಿಯದ್ದರ ಜೊತೆಗೇ ಒಂದು ಸ್ಟೀಲ್ ಡಬ್ಬಕ್ಕೆ ಸುರಿದೆ. ಒಂದರ ಗುಂಡು ಭಾರ, ಇನ್ನೊಂದರದು ಹಗುರ, ಬೀಳುವ ಜಾಗ ಬೇರೆ ಬೇರೆ ಅನ್ನುವುದು ತಲೆಗೆ ಬರಲೇ ಇಲ್ಲ.

ಹೋದ ಚಳಿಗಾಲ, ಮರಿಗಳು ಹುಟ್ಟುತ್ತಿದ್ದ ವಾರ. ನನ್ನ ಪತ್ರದ ಅವಧಿ ಮುಗಿಯುತ್ತಾ ಬಂದಿತ್ತು. ತಿಂಡಿ ಆದ ಮೇಲೆ ಹೊಸದು ಬರೆದುಕೊಡುತ್ತೇನೆ ಅಂತ ಮುದುಕ ಅಂದಿದ್ದ. ಬೆಳಗಿನ ಬಿಸಿಲಿನಲ್ಲಿ ದಿಬ್ಬದ ಮುಂದೆ ನರಿ ಬಂದು ನಿಂತಿತು. ಡಬ್ಬದಿಂದ ಕೈಗೆ ಸಿಕ್ಕಿದ್ದನ್ನು ತುಂಬಿ, ಉಸಿರು ಹಿಡಿದು ಹೊಡೆದೆ. ನರಿಯ ಕಾಲಡಿಯ ಮಣ್ಣು ಹಾರಿತು. ಎರಡನೆಯದು ಬೆನ್ನಿನ ಮೇಲಿಂದ ಹೋಗಿ ದಿಬ್ಬ ಸೇರಿತು. ಓಡುವಾಗ ಅದು ಒಂದು ಮರಿಯನ್ನೂ ಕಚ್ಚಿಕೊಂಡು ಹೋಯಿತು. ತಾಯಿ ಕುರಿ ಬೇಲಿಯ ತನಕ ಅರಚುತ್ತಾ ಹೋದದ್ದು ನನಗೆ ಇವತ್ತಿಗೂ ಕೇಳುತ್ತದೆ.

ಮುದುಕ ಸ್ಟೀಲ್ ಡಬ್ಬ ತೆಗೆದುಕೊಂಡು ಟ್ರಕ್ಕಿನ ಬಾನೆಟ್ ಮೇಲೆ ಸುರಿದ. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಒಂದೊಂದೇ ಆರಿಸಿ ನಾಲ್ಕು ಗುಡ್ಡೆ ಮಾಡಿದ. ಹಸಿರು ಡಬ್ಬಿಯದ್ದೇ ಎಲ್ಲಕ್ಕಿಂತ ಸಣ್ಣ ಗುಡ್ಡೆ. ಪತ್ರದ ಮಾತು ಅವನು ಎತ್ತಲಿಲ್ಲ, ಕೇಳಲು ನನಗೆ ಮುಖವಿರಲಿಲ್ಲ. ಆ ಗೇಟು ದಾಟಿದ್ದು ಅದೇ ಕೊನೆ.

ಆದರೂ ಅಲ್ಲೇ, ಆ ಗುಡ್ಡೆಗಳ ಮುಂದೆಯೇ, ಬಾಯಿ ಸುಮ್ಮನಿರಬೇಕಲ್ಲ. "ಎಲ್ಲಾ ಒಂದೇ ಅಳತೆ ಅಲ್ವಾ" ಅಂದೆ.

ಅವನು ಕಾಲ ಬುಡದಲ್ಲಿ ಕೂತಿದ್ದ ತನ್ನ ಕುರಿನಾಯಿಯನ್ನು ನೋಡಿದ, ನರಿ ಓಡಿದ ದಿಕ್ಕನ್ನು ನೋಡಿದ.

"ಇವೆರಡೂ ಹೆಚ್ಚುಕಮ್ಮಿ ಒಂದೇ ಅಳತೆ, ಮೇಟ್. ಕುರಿ ಕಾಯೋಕೆ ಯಾವುದನ್ನ ಬಿಡಲಿ ಹೇಳು?"