ಹನ್ನೊಂದನೇ ಅಂಶದ ಕಟ್ಟುನಿಟ್ಟಿನ ಜಾರಿ

ಸುತ್ತೋಲೆಗಳನ್ನು ಪೂರ್ತಿ ಓದುವ ಸರ್ಕಾರಿ ನೌಕರ ನಾನು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ದಾಖಲೆಗಾಗಿ ಹೇಳುತ್ತಿದ್ದೇನೆ. ಬೇರೆಯವರು ಮೇಲಿನ ವಿಷಯ, ಕೆಳಗಿನ ಸಹಿ ನೋಡಿ ಫೈಲಿಗೆ ಸೇರಿಸುತ್ತಾರೆ. ನಾನು ನಡುವಿನದ್ದನ್ನೂ ಓದುತ್ತೇನೆ. ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆಯುತ್ತೇನೆ. ತುಮಕೂರಿನ ಕಡೆಯಿಂದ ಕೆಜಿಎಫ್‌ನ ಒಂದು ಸರ್ಕಾರಿ ಆಸ್ಪತ್ರೆಗೆ ವ್ಯವಸ್ಥಾಪಕನಾಗಿ ವರ್ಗವಾಗಿ ಬಂದಾಗ ನನ್ನ ಬ್ಯಾಗಿನಲ್ಲಿದ್ದದ್ದು ಎರಡೇ: ಒಂದು ಊಟದ ಡಬ್ಬಿ, ಒಂದು ಸುತ್ತೋಲೆಗಳ ಫೈಲು. ಆಸ್ಪತ್ರೆಯೊಂದನ್ನು ನಡೆಸಲು ಇನ್ನೇನು ಬೇಕು?

ಬಂದ ವಾರದಲ್ಲೇ ಹೊಸದೊಂದು ಬಂತು. "ಆಸ್ಪತ್ರೆ ವ್ಯವಸ್ಥಾಪಕರ ಅವಗಾಹನೆಗೆ: ಸೇವೆಗಳಲ್ಲಿ ಬದಲಾವಣೆ." ಒಟ್ಟು ಹದಿನಾಲ್ಕು ಅಂಶ. ನಾಲ್ಕನೆಯದು, ಔಷಧಿ ಕೌಂಟರಿನ ಮುಂದೆ ಸರತಿ ಸಾಲು ಶಿಸ್ತಾಗಿರತಕ್ಕದ್ದು. ಹನ್ನೊಂದನೆಯದು, ಆವರಣದಲ್ಲಿ ವಾರಸುದಾರರಿಲ್ಲದೆ ಬಿದ್ದಿರುವ ವಸ್ತುಗಳನ್ನು ತೆರವುಗೊಳಿಸಿ, ನಿರುಪಯುಕ್ತವಾದವನ್ನು ವಿಲೇವಾರಿ ಮಾಡತಕ್ಕದ್ದು. ಹದಿನಾಲ್ಕನೆಯದು, ಆದ ಸುಧಾರಣೆಯ ಫೋಟೋಗಳನ್ನು 'ಮೊದಲು ಮತ್ತು ನಂತರ' ಎಂಬ ತಲೆಬರಹದಡಿ ವ್ಯವಸ್ಥಾಪಕರ ವಾಟ್ಸಾಪ್ ಗುಂಪಿಗೆ ಕಳಿಸತಕ್ಕದ್ದು. ಓದಿ ನನಗೆ ರೋಮಾಂಚನವಾಯಿತು. ಏಕೆಂದರೆ ವಾರಸುದಾರರಿಲ್ಲದ ವಸ್ತುಗಳನ್ನು ನಾನು ಕೆಲಸಕ್ಕೆ ಸೇರಿದ ಮಂಗಳವಾರವೇ ಕಣ್ಣಾರೆ ಕಂಡಿದ್ದೆ.

ಮನೆ ಮಾಡಿದ್ದು ಬಂಗಾರಪೇಟೆಯಲ್ಲಿ. ಆ ಸಂಜೆ ನನ್ನ ಹೆಂಡತಿ ಸರೋಜಳಿಗೆ ವಿಷಯ ಹೇಳಿದೆ. ಅವಳು ಹುಟ್ಟಿ ಬೆಳೆದದ್ದು ಇದೇ ಕೆಜಿಎಫ್‌ನ ಕೋರಮಂಡಲ್‌ ಬಡಾವಣೆಯಲ್ಲಿ, ಗಣಿ ಕಾರ್ಮಿಕರ ಲೈನಿನ ಮನೆಯಲ್ಲಿ. ಸಾರಿಗೆ ಒಗ್ಗರಣೆ ಹಾಕುತ್ತಾ ಕೇಳಿದಳು.

"ಏನ್ ಕಸ ಬಿದ್ದೈತೆ ಅಂತೀರಾ?"

"ಕೌಂಟರಿನ ಮುಂದೆ ಜಗುಲಿ ಮೇಲೆ ನೀರಿನ ಬಾಟ್ಲಿ, ವೈರಿನ ಬುಟ್ಟಿ, ಕೊಡೆ, ಒಂಟಿ ಚಪ್ಪಲಿ. ಒಂದು ಇಟ್ಟಿಗೇನೂ ಇತ್ತು ಕಣೇ!"

"ಒಂದರ ಇಂದೆ ಒಂದು ಇತ್ತಾ?"

"ಹೌದು. ಕಸ ಹಾಕೋದರಲ್ಲೂ ನಿಮ್ಮೂರಿನವರಿಗೆ ಒಂದು ಶಿಸ್ತಿದೆ."

ಸರೋಜ ಒಲೆ ಸಣ್ಣಗೆ ಮಾಡಿದಳು. "ರೀ, ಬೇತಮಂಗಲದ ನೀರು ಬಿಡೋ ದಿನ ನಾವೇನು ನಲ್ಲಿ ಮುಂದೆ ನಿಂತ್ಕಂತಿದ್ವಾ? ಬಿಂದಿಗೆ ಮಡಗಿ ಮನೇಗ್ ಬಂದ್ಬಿಡ್ತಿದ್ವಿ. ಆ ಬಿಂದಿಗೇನೇ..."

"ಸರೋಜ, ಇದು ನೀರಿನ ವಿಷಯ ಅಲ್ಲ. ಆರೋಗ್ಯ ಇಲಾಖೆ ವಿಷಯ."

"ಆಯ್ತು ಬುಡಿ" ಎಂದಳು. ಮದುವೆಯಾಗಿ ಇಷ್ಟು ವರ್ಷಗಳಾದ ಮೇಲೆ ಅವಳ 'ಆಯ್ತು ಬುಡಿ' ಎಂದರೆ ಏನೆಂದು ನನಗೆ ಗೊತ್ತಿರಬೇಕಿತ್ತು. ನಮ್ಮ ತಂದೆಯ ಮನೆಯಲ್ಲಿ ಬಾವಿಯಿತ್ತು. ಬಿಂದಿಗೆಯ ವಿಚಾರದಲ್ಲಿ ನನ್ನ ಶಿಕ್ಷಣ ಅಷ್ಟಕ್ಕಷ್ಟೆ.

ಮಾರನೆಯ ದಿನ ಮಂಗಳವಾರ. ನಮ್ಮಲ್ಲಿ ಅದು ಬಿ.ಪಿ. ಮತ್ತು ಸಕ್ಕರೆ ಕಾಯಿಲೆಯವರಿಗೆ ತಿಂಗಳ ಮಾತ್ರೆ ಕೊಡುವ ದಿನ. ಬೆಳಗಿನ ರೈಲು ಹಿಡಿದು ಎಂಟಕ್ಕೆಲ್ಲ ಆಸ್ಪತ್ರೆಯಲ್ಲಿದ್ದೆ. ಜಗುಲಿಯ ಮೇಲೆ ವಸ್ತುಗಳು ಹೋದ ವಾರದಂತೆಯೇ ಬಿದ್ದಿದ್ದವು. ಆಚೆ ಹೊಂಗೆ ಮರದ ಕೆಳಗೆ ಮುದುಕ ಮುದುಕಿಯರು ಕಾಲು ಚಾಚಿ, ತಮಿಳು ತೆಲುಗು ಕನ್ನಡ ಮೂರನ್ನೂ ಕಲಸಿಕೊಂಡು ಹರಟುತ್ತಿದ್ದರು. ಒಬ್ಬರಾದರೂ ಬಂದು ಸಾಲಿನಲ್ಲಿ ನಿಲ್ಲಬಾರದೆ! ಇವರಿಗೆ ನಾಗರಿಕ ಪ್ರಜ್ಞೆ ಯಾವಾಗ ಬರುತ್ತದೋ ಎಂದು ಮರುಗಿ, ಮರವೂ ಸೇರಿದಂತೆ 'ಮೊದಲು' ಫೋಟೋ ತೆಗೆದೆ. ಅಟೆಂಡರ್ ಮುನಿಯಪ್ಪನವರನ್ನು ಕರೆದೆ.

"ಮುನಿಯಪ್ಪ, ಈ ವಸ್ತುಗಳನ್ನೆಲ್ಲ ತೆಗೀರಿ."

"ವಸ್ತು ಅಲ್ಲ ಸಾ."

"ಮತ್ತೆ?"

"ಜನ ಸಾ." ಒಂದೊಂದನ್ನೇ ತೋರಿಸುತ್ತಾ ಹೋದರು. "ಮೊದಲ್ನೇ ಡಬ್ಬಿ ಆಂಡಾಳಮ್ಮ. ಕೊಡೆ ಮೇಷ್ಟ್ರು. ಈ ಬುಟ್ಟಿ ರತ್ನಮ್ಮ, ಈವಮ್ಮಂಗೆ ಮಂಡಿ ನೋವು."

ನಿವೃತ್ತಿ ಹತ್ತಿರ ಬಂದವರು, ಪಾಪ, ಏನೋ ಆಗಿದೆ ಎಂದುಕೊಂಡೆ. ಹನ್ನೊಂದನೇ ಅಂಶವನ್ನು ಓದಿ ಹೇಳಿದೆ. ಅವರು ತಲೆ ಕೆರೆದುಕೊಂಡರು.

"ಇಟ್ಟಿಗೆನಾದ್ರೂ ಬುಡಿ ಸಾ."

"ಇಟ್ಟಿಗೆಗೆ ವಿನಾಯಿತಿ ಇಲ್ಲ!"

ಎಲ್ಲವನ್ನೂ ಎತ್ತಿಸಿ ಉಗ್ರಾಣದ ಮೂಲೆಗೆ ರಾಶಿ ಹಾಕಿಸಿದೆ. ಮರದ ಕೆಳಗಿನವರು ನೋಡುತ್ತಲೇ ಇದ್ದರು. ಪ್ರತಿ ಮಂಗಳವಾರ ಮುನಿಯಪ್ಪ ಒಂದೊಂದನ್ನೂ ಎತ್ತಿ, ಕೆಳಗೆ ಗುಡಿಸಿ, ಅದೇ ಜಾಗದಲ್ಲಿ ಇಡುತ್ತಿದ್ದರಂತೆ. ಈಗಲೂ ಗುಡಿಸುತ್ತಿದ್ದಾರೆ ಎಂದುಕೊಂಡರಂತೆ. ಅದೇ ಹೊತ್ತಿಗೆ ಗೇಟಿನ ಹತ್ತಿರ ಗುಜರಿ ಆಟೋ ಕೂಗುತ್ತಾ ಬಂತು. 'ವಿಲೇವಾರಿ' ಎಂಬ ಪದ ನನ್ನ ಕಣ್ಣ ಮುಂದೆ ಹೊಳೆಯಿತು. ಉಳಿದ ವಸ್ತುಗಳೆಲ್ಲ ಒಂದು ಮಟ್ಟಕ್ಕೆ ಚೆನ್ನಾಗಿದ್ದವು. ಸಾಲಿನ ಮೊದಲಲ್ಲಿದ್ದ ಅಲ್ಯೂಮಿನಿಯಂ ಡಬ್ಬಿ ಮಾತ್ರ ಮೈಯೆಲ್ಲ ನೆಗ್ಗಿ ಹೋಗಿತ್ತು. ನಿರುಪಯುಕ್ತ ಎಂದು ತೀರ್ಮಾನಿಸಿ, ನಾನೇ ಕೈಯಾರೆ ಆಟೋದವನಿಗೆ ಕೊಟ್ಟುಬಂದೆ. ಮುಚ್ಚಳ ತೆಗೆದು ನೋಡಬೇಕೆಂದು ಹದಿನಾಲ್ಕು ಅಂಶಗಳಲ್ಲಿ ಎಲ್ಲೂ ಇರಲಿಲ್ಲ.

ಜಗುಲಿ ಕನ್ನಡಿಯಂತಾಯಿತು. ಸಾಲು ಶಿಸ್ತಾಗಿ ನಿಂತ ಮೇಲೆ 'ನಂತರ' ಫೋಟೋ ತೆಗೆಯೋಣವೆಂದು ಮೊಬೈಲು ಹಿಡಿದು ಕಾದೆ. ಒಂಬತ್ತಕ್ಕೆ ಕೌಂಟರಿನ ಕಿಟಕಿ ತೆರೆಯಿತು. ಮರದ ಕೆಳಗಿನವರು ಎದ್ದು ನಿಧಾನವಾಗಿ ಬಂದರು. ಬಂದು ನೆಲ ನೋಡಿದರು. ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೇ ಕಿಟಕಿಗೆ ನುಗ್ಗಿದರು! ಆ ನೂಕಿನಲ್ಲಿ ನನ್ನ ಹೆಬ್ಬೆರಳು ತಾನಾಗಿ ಅದುಮಿ ಫೋಟೋ ಬಿತ್ತು. ಅದರಲ್ಲಿ ನಾಲ್ಕು ಮೊಣಕೈ, ಒಂದು ತುರುಬು, ಮುನಿಯಪ್ಪನವರ ಅರ್ಧ ಮೀಸೆ ಇದ್ದವು.

ಸಮಸ್ಯೆಗೆ ಆಡಳಿತಾತ್ಮಕ ಪರಿಹಾರ ಹುಡುಕಿದೆ. ರಾಶಿಯನ್ನು ಹೊರಗೆ ತರಿಸಿ, "ನಿಮ್ಮ ನಿಮ್ಮ ವಸ್ತು ಗುರುತಿಸಿ, ಮೊದಲಿದ್ದ ಕ್ರಮದಲ್ಲೇ ನಿಲ್ಲಿ" ಎಂದು ಘೋಷಿಸಿದೆ. ಕೊಡೆ ಎರಡನೆಯದಾಗಿತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು. ಕೂಡಲೇ ಕೊಡೆಗೆ ಏಳು ಜನ ವಾರಸುದಾರರು ಹುಟ್ಟಿಕೊಂಡರು. ಒಂಟಿ ಚಪ್ಪಲಿಯನ್ನು ಕೇಳಿದವರು ಎರಡೂ ಕಾಲಿಗೆ ಚಪ್ಪಲಿ ಹಾಕಿಕೊಂಡಿದ್ದರು. ಆಗ ನೆನಪಾಯಿತು, ನನ್ನ ಹತ್ತಿರ 'ಮೊದಲು' ಫೋಟೋ ಇದೆ! ಮೊಬೈಲು ತೆಗೆದು ಚಾಚಿದೆ. ಸುತ್ತ ತಲೆಗಳು ಕವಿದವು. "ದೊಡ್ಡದು ಮಾಡು ಸಾರ್", "ಇಲ್ಲಿ ನೋಡು, ನನ್ ಬಾಟ್ಲಿ" ಎಂದು ಹತ್ತಾರು ಬೆರಳುಗಳು ಪರದೆಯನ್ನು ತಿವಿದವು. ಅಂತೂ ಫೋಟೋ ನೋಡಿ ಒಂದೊಂದಾಗಿ ಜೋಡಿಸಿದೆವು. ಕೊನೆಗೆ ಉಳಿದದ್ದು ಇಟ್ಟಿಗೆ.

"ಇದು ಯಾರದ್ದು?"

ಮುನಿಯಪ್ಪ ಕೆಮ್ಮಿದರು. "ನಂದು ಸಾ. ನಂಗೂ ಬಿ.ಪಿ. ಅದೆ."

ಜೋಡಿಸಿದ ಸಾಲಿನಲ್ಲಿ ಮೊದಲ ಜಾಗ ಮಾತ್ರ ಖಾಲಿಯಿತ್ತು. ಆ ಜಾಗದ ಎದುರಿಗೆ ಗಿಡ್ಡನೆಯ ಮುದುಕಿಯೊಬ್ಬರು ನಿಂತಿದ್ದರು. ಆಂಡಾಳಮ್ಮ. ಕೋರಮಂಡಲ್‌ನಿಂದ ಎಲ್ಲರಿಗಿಂತ ಮೊದಲು ಬಂದವರು.

"ಎನ್ನಾ ಸಾರ್, ನನ್ ಡಬ್ಬಿ ಎಲ್ಲಿ?"

ಗೇಟಿನ ಕಡೆ ನೋಡಿದೆ. "ಅದರೊಳಗೆ ಏನಾದರೂ ಇತ್ತಾ ಅಮ್ಮ?"

"ಆಸ್ಪತ್ರೆ ಚೀಟಿ ಇತ್ತು. ಮಾತ್ರೆ ನಿನ್ನೇನೇ ಮುಗೀತು."

ಚೀಟಿ ಇಲ್ಲದಿದ್ದರೂ ಕೊಡಿ ಎಂದು ಕೌಂಟರಿನ ಮೇಡಂಗೆ ಹೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿದರು. "ಸಾರ್, ಚೀಟಿ ನೋಡದೆ ಯಾವ ಮಾತ್ರೆ ಅಂತ ಕೊಡ್ಲಿ? ಚೀಟಿ ಇಲ್ಲದೆ ಕೊಟ್ಟರೆ ಕ್ರಮ ಕೈಗೊಳ್ತೀನಿ ಅಂತ ನಿನ್ನೆ ನೋಟಿಸು ಅಂಟ್ಸಿದ್ದು ಯಾರು?" ನೋಟಿಸಿನ ಕೆಳಗೆ ನನ್ನ ಸಹಿ ಬಹಳ ಸ್ಪಷ್ಟವಾಗಿತ್ತು.

ಡಬ್ಬಿ ಗುಜರಿಗೆ ಹೋಗಿದೆ ಎಂದು ಒಪ್ಪಿಕೊಳ್ಳಲೇಬೇಕಾಯಿತು. ಆಂಡಾಳಮ್ಮ ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಲಿಲ್ಲ.

"ನಮ್ ಯಜಮಾನ್ರು ಗಣಿಗೆ ಇಳಿಯೋವಾಗ ತಗೊಂಡೋಗ್ತಿದ್ದ ಡಬ್ಬಿ ಅದು. ಅಷ್ಟು ಆಳ ಓಗಿ ದಿನಾ ಮೇಲೆ ಬರ್ತಿತ್ತು. ನೀನು ಜಗಲಿ ಮೇಲಿಂದಾನೇ ಕಳೆದ್ಬಿಟ್ಟಿಯಾ ಕಣ್ಣು?"

'ಕಣ್ಣು' ಎಂದರೆ ತಮಿಳಿನವರು ಮಕ್ಕಳನ್ನು ಮುದ್ದಿನಿಂದ ಕರೆಯುವ ಮಾತು. ನನಗೆ ನಿಜವಾಗಿ ನಾಚಿಕೆಯಾಯಿತು. ಇಷ್ಟು ವರ್ಷದ ನೌಕರಿಯಲ್ಲಿ ಮೆಮೊ ಪಡೆದಿದ್ದೇನೆ, ಬೈಗುಳ ತಿಂದಿದ್ದೇನೆ. ಆದರೆ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

"ಹೇಗಾದರೂ ತರ್ತೀನಿ ಅಮ್ಮ" ಎಂದೆ.

"ಓಗಿ ಬಾ. ನಾನು ಇಲ್ಲೇ ಕೂತಿರ್ತೀನಿ" ಎಂದು ಮರದ ಕೆಳಕ್ಕೆ ನಡೆದರು.

ಆ ಆಟೋದ ಸಾಮಾನೆಲ್ಲ ಬಂಗಾರಪೇಟೆಯ ಗುಜರಿ ಅಂಗಡಿಗೆ ಹೋಗುತ್ತದೆ ಎಂದು ಮುನಿಯಪ್ಪ ಹೇಳಿದರು. ಬ್ಯಾಗು ಹೆಗಲಿಗೆ ಹಾಕಿ ಬಸ್ಸು ಹತ್ತಿದೆ. ಅರ್ಧ ದಾರಿಯಲ್ಲಿ ಮೊಬೈಲು ಟಿಣ್ ಟಿಣ್ ಎನ್ನತೊಡಗಿತು. ತೆಗೆದು ನೋಡಿದೆ. ಆ ಹತ್ತಾರು ಬೆರಳುಗಳ ತಿವಿತದಲ್ಲಿ ಎರಡು ಫೋಟೋಗಳೂ ವ್ಯವಸ್ಥಾಪಕರ ಗುಂಪಿಗೆ ಹೋಗಿಬಿಟ್ಟಿದ್ದವು! ನಾನು ಮುಂಚೆಯೇ ಬರೆದಿಟ್ಟಿದ್ದ 'ಮೊದಲು ಮತ್ತು ನಂತರ' ಎಂಬ ತಲೆಬರಹವೂ ಹೋಗಿತ್ತು. ಆದರೆ ಫೋಟೋಗಳು ತಿರುಗಾಮುರುಗಾ. ಮೊದಲು, ನೂಕುನುಗ್ಗಲು. ನಂತರ, ಜಗುಲಿಯ ಮೇಲೆ ವಸ್ತುಗಳ ನೇರ ಸಾಲು, ನೆರಳಿನಲ್ಲಿ ಕುಳಿತ ಮುದುಕರು. ಅದರ ಕೆಳಗೆ ಮೇಲಧಿಕಾರಿಗಳ ಉತ್ತರ: "ಅತ್ಯುತ್ತಮ. ವೃದ್ಧರು ನಿಲ್ಲುವ ಅಗತ್ಯವೇ ಇಲ್ಲದ ವಿನೂತನ ವ್ಯವಸ್ಥೆ. ಎಲ್ಲರೂ ಅನುಸರಿಸತಕ್ಕದ್ದು." ಅದರ ಕೆಳಗೆ ಸಾಲಾಗಿ ಹೆಬ್ಬೆರಳುಗಳು. ಇದಕ್ಕೆ ಏನು ಬರೆಯಬೇಕೆಂದು ತಿಳಿಯದೆ ಕೈಮುಗಿದ ಚಿತ್ರ ಹಾಕಿದೆ.

ಗುಜರಿ ಅಂಗಡಿಯಲ್ಲಿ ತಕ್ಕಡಿಯ ಮುಂದೆ ಯಾರೂ ಇರಲಿಲ್ಲ. ನೇರವಾಗಿ ಒಳಗೆ ಕಾಲಿಟ್ಟೆ. ಅಂಗಡಿಯ ಯಜಮಾನಿ ತಡೆದಳು.

"ಸಾರ್, ಸಾಲು ಐತೆ."

"ಯಾರೂ ಇಲ್ಲವಲ್ಲಮ್ಮ?"

"ಕಣ್ಣು ಕಾಣಾಕಿಲ್ವಾ? ಆರು ಜನ ಅವ್ರಲ್ಲ" ಎಂದು ಆರು ಗೋಣಿಚೀಲಗಳನ್ನು ತೋರಿಸಿದಳು. ಜನ ಎದುರಿನ ಟೀ ಅಂಗಡಿಯಲ್ಲಿದ್ದರು. "ನೀವೂ ಏನಾನ ಮಡಗಿ ಓಗಿ, ಟೀ ಕುಡ್ಕಂಡ್ ಬನ್ನಿ."

ವಾದ ಮಾಡುವ ನೈತಿಕ ಹಕ್ಕು ನನಗೆ ಉಳಿದಿರಲಿಲ್ಲ. ಬ್ಯಾಗಿನಿಂದ ಸುತ್ತೋಲೆಗಳ ಫೈಲು ತೆಗೆದು ಏಳನೆಯವನಾಗಿ ಇಟ್ಟು, ಟೀಗೆ ಹೋದೆ. ಬರುವಷ್ಟರಲ್ಲಿ ಫೈಲು ಇರಲಿಲ್ಲ. ತೂಕ ಹಾಕಿ ರದ್ದಿ ಕಾಗದದ ರಾಶಿಗೆ ಎಸೆದಿದ್ದರು! ಹದಿನಾಲ್ಕು ಅಂಶಗಳೂ ಅದರೊಳಗೆ. ಆಚೆಗೆ ಅಲ್ಯೂಮಿನಿಯಂ ರಾಶಿ. ಎರಡರಲ್ಲಿ ಮೊದಲು ಯಾವುದನ್ನು ಕೆದಕಬೇಕು? ನನ್ನ ಜೀವನದಲ್ಲಿ ಮೊದಲ ಬಾರಿ ಸುತ್ತೋಲೆಗೆ ಬೆನ್ನು ಹಾಕಿದೆ. ಅಂಗಿಯೆಲ್ಲ ಮಸಿ ಮಾಡಿಕೊಂಡು ಹುಡುಕಿದ ಮೇಲೆ, ತಳ ಸೀದ ಒಂದು ದೊಡ್ಡ ಪಾತ್ರೆಯ ಕೆಳಗೆ ಆ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದೆ. ಚೀಟಿ ಇತ್ತು.

ಮರಳಿ ಬರುವಷ್ಟರಲ್ಲಿ ಮಧ್ಯಾಹ್ನ ಮೂರು. ಹೊಂಗೆ ಮರದ ಕೆಳಗೆ ಆಂಡಾಳಮ್ಮ ಒಬ್ಬರೇ. ಡಬ್ಬಿಯನ್ನು ಎರಡೂ ಕೈಯಲ್ಲಿ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು. ಸೆರಗಿನಲ್ಲಿ ಒರೆಸಿದರು. "ಪಾತಾಳದಿಂದಾನೇ ಬಂದಿದ್ದು, ಬಂಗಾರಪೇಟೆಯಿಂದ ಬರಾಕಿಲ್ವಾ" ಎಂದರು. ಮುಚ್ಚಿದ್ದ ಕೌಂಟರನ್ನು ತೆರೆಸಿ ಮಾತ್ರೆ ಕೊಡಿಸಿದೆ. ಹೋಗುವಾಗ ಕೌಂಟರಿನ ಮೇಡಂ, "ಸಾರ್, ಮುಖ ಕೆಂಪಗಾಗಿದೆ, ಒಮ್ಮೆ ನೋಡಿಸ್ಕೊಳ್ಳಿ" ಎಂದರು. ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬಿಸಿ ನೋಡಿ, ತಲೆಯಾಡಿಸಿದರು. ಅಂದಿನಿಂದ ನನಗೂ ಬಿ.ಪಿ. ಮಾತ್ರೆ.

ರಾತ್ರಿ ಊಟಕ್ಕೆ ಬಡಿಸುತ್ತಾ ಸರೋಜ ಕೇಳಿದಳು: "ಬಿಂದಿಗೆ ವಿಷ್ಯ ಏಳ್ಲಾ, ಬ್ಯಾಡ್ವಾ?" ಬೇಡ ಎಂದೆ.

ಸ್ವಲ್ಪ ದಿನದಲ್ಲೇ, ಆ ವಿನೂತನ ವ್ಯವಸ್ಥೆಯ ನಿಯಮಗಳನ್ನು ನಾನೇ ಬರೆದು ಕಳಿಸಬೇಕೆಂದು ಆದೇಶ ಬಂತು. ಬರೆದೆ. ಸರೋಜ ಹೇಳುತ್ತಾ ಹೋದಳು, ನಾನು ಅದಕ್ಕೆಲ್ಲ 'ತಕ್ಕದ್ದು' ಸೇರಿಸುತ್ತಾ ಹೋದೆ. ಆದರ್ಶದ ಹುಮ್ಮಸ್ಸಿನಲ್ಲಿ ಕೊನೆಗೆ ಸ್ವಂತದ್ದೊಂದನ್ನು ಸೇರಿಸಿದೆ: ಸಿಬ್ಬಂದಿ ಮತ್ತು ಅಧಿಕಾರಿಗಳೂ ಇದೇ ಸಾಲಿನಲ್ಲಿ ಬರತಕ್ಕದ್ದು, ಯಾರಿಗೂ ಆದ್ಯತೆ ಇರತಕ್ಕದ್ದಲ್ಲ.

ಮುಂದಿನ ತಿಂಗಳ ಮಂಗಳವಾರ ಬಂತು. ಜಗುಲಿಯ ಮೇಲೆ ಮೊದಲು ಆಂಡಾಳಮ್ಮನ ಡಬ್ಬಿ, ಅದರ ಹಿಂದೆ ಇಟ್ಟಿಗೆ, ಆಮೇಲೆ ಮಿಕ್ಕವರು. ವ್ಯವಸ್ಥಾಪಕನಾದವನಿಗೆ ಕೆಲಸ ಹೆಚ್ಚಿರುತ್ತದಲ್ಲ ಎಂದುಕೊಂಡು, ನನ್ನ ಊಟದ ಡಬ್ಬಿಯನ್ನು ಮೆಲ್ಲಗೆ ಇಟ್ಟಿಗೆಯ ಮುಂದೆ ತೂರಿಸಿ ಕೋಣೆಗೆ ಹೋದೆ. ಕಿಟಕಿಯಿಂದ ನೋಡುತ್ತೇನೆ, ಆಂಡಾಳಮ್ಮ ಮರದ ಕೆಳಗಿನಿಂದ ಎದ್ದು ಬಂದು, ನನ್ನ ಡಬ್ಬಿಯನ್ನು ಎತ್ತಿಕೊಂಡು, ಸಾಲಿನ ಕೊನೆಗೆ ನಡೆಯುತ್ತಿದ್ದಾರೆ. ಓಡಿದೆ.

"ಯಾಕಮ್ಮ?"

"ನೀನು ಇವಾಗ ಬಂದೆ ಸಾರ್. ಇಟ್ಟಿಗೆ ಆರು ಗಂಟೆಗೇ ಬಂದೈತೆ."

ನಿಯಮಗಳನ್ನು ಮನಸ್ಸಿನಲ್ಲೇ ಒಮ್ಮೆ ತಿರುವಿಹಾಕಿದೆ. ಇಟ್ಟಿಗೆಗಿಂತ ನಾನು ಮೇಲು ಎಂದು ಸಾಧಿಸುವ ಒಂದು ಅಂಶವೂ ಇರಲಿಲ್ಲ. ಸುಮ್ಮನೆ ಹೋಗಿ ಹೊಂಗೆ ಮರದ ಕೆಳಗೆ ಕುಳಿತೆ. ಮುನಿಯಪ್ಪ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಎಲ್ಲರೂ ಹಾಯಾಗಿ ಹರಟುತ್ತಿದ್ದರು. ನಾನೊಬ್ಬನೇ ಜಗುಲಿಯ ಕೊನೆಯಲ್ಲಿದ್ದ ನನ್ನ ಡಬ್ಬಿಯ ಮೇಲಿಂದ ಕಣ್ಣು ಕೀಳಲಿಲ್ಲ. ಸುತ್ತೋಲೆ ಪೂರ್ತಿ ಓದುವವನು ಇನ್ನೊಬ್ಬ ಬಂದುಬಿಟ್ಟರೆ ಏನು ಗತಿ!