ಹೆಂಚಿನ ಮೇಲೆ ಬಿದ್ದಿರುವ ಹಾಲುಹಲ್ಲಿನ ಸ್ಟೆಮ್ ಸೆಲ್‌ಗೆ

ಮುಳಬಾಗಿಲು, ಜೂನ್ 2006

ಮಾನ್ಯ ಸ್ಟೆಮ್ ಸೆಲ್ ಮಹಾಶಯರೇ,

ನನ್ನ ಮೊಮ್ಮಗಳು ಸೌಪರ್ಣಿಕಾಳ ಹಾಲುಹಲ್ಲಿನೊಳಗೆ ಬಿಡಾರ ಹೂಡಿ, ಸದ್ಯ ಸಗಣಿ ಉಂಡೆಯ ಸಮೇತ ನಮ್ಮ ಮನೆಯ ಹೆಂಚಿನ ಮೇಲೆ ವಿಶ್ರಮಿಸುತ್ತಿರುವ ತಮಗೆ, ಮೂವತ್ತೆಂಟು ವರ್ಷ ಪೌರೋಹಿತ್ಯ ಮಾಡಿದ ವೆಂಕಟರಮಣಾಚಾರ್ಯನ ಸಾಷ್ಟಾಂಗ ನಮಸ್ಕಾರಗಳು.

ತಮ್ಮ ಕೀರ್ತಿಯನ್ನು ಪತ್ರಿಕೆಯಲ್ಲಿ ಓದಿದೆ. ಮೂಲ ಜೀವಕೋಶವಾದ ತಾವು ಮನಸ್ಸು ಮಾಡಿದರೆ ಸವೆದ ಒಸಡು, ಕರಗಿದ ದವಡೆಮೂಳೆ, ಕೊನೆಗೆ ಹಲ್ಲನ್ನೇ ಮತ್ತೆ ಬೆಳೆಸಬಲ್ಲಿರಂತೆ. ಪ್ರಯೋಗಶಾಲೆಯ ಇಲಿಗಳಿಗೆ ಆಗಲೇ ಅನುಗ್ರಹಿಸಿದ್ದೀರಂತೆ. ಬಹಳ ಸಂತೋಷ. ಆದರೆ ಸ್ವಾಮೀ, ಇಲಿ ಯಾರ ಮದುವೆಯಲ್ಲಿ ಮಂತ್ರ ಹೇಳಬೇಕಿತ್ತು? ನನ್ನ ಮುಂದಿನ ನಾಲ್ಕು ಹಲ್ಲುಗಳು ಅಲ್ಲಾಡುತ್ತಿವೆ. ಹೋದ ತಿಂಗಳು ದೇವರಾಯಸಮುದ್ರದ ಮದುವೆಯಲ್ಲಿ ನನ್ನ ‘ಸ್ವಾಹಾ’ ಸೀಟಿಯಾಗಿ ಹೊರಟು, ಮದುಮಗಳು ಸೆರಗು ಬಾಯಿಗಿಟ್ಟು ನಕ್ಕಳು. ಕೋಲಾರದ ದಂತವೈದ್ಯರು ಬರುವ ಸೋಮವಾರ ನಾಲ್ಕನ್ನೂ ಕೀಳುತ್ತಾರೆ. ಕಟ್ಟಿಸಿದ ಹಲ್ಲಿನ ಗಂಗುಲಪ್ಪನವರು ಮಾತಾಡಿದರೆ ಅರ್ಧ ಅಕ್ಷರ ಅವರದು, ಅರ್ಧ ಹಲ್ಲಿನದು. ಮಂತ್ರವೇ ಹೋದಮೇಲೆ ನಾನು ಯಾರು? ಭಯವಾಗಿದೆ ಮಹಾಶಯರೇ, ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಅದಕ್ಕೇ ಮಗುವಿನ ಹಲ್ಲು ಬಿದ್ದೊಡನೆ, ಪತ್ರಿಕೆಯ ಸಲಹೆಯಂತೆ, ತಮ್ಮನ್ನು ಬೆಳ್ಳಿ ಲೋಟದ ಹಾಲಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿ ಪ್ರತಿಷ್ಠಾಪಿಸಿದೆ. ನೈವೇದ್ಯದ ಮೊಸರಿನ ಪಕ್ಕ ಎಂಜಲು ಹಲ್ಲನ್ನು ಕಂಡ ನನ್ನ ಹೆಂಡತಿ ಅಂಬಾಬಾಯಿ, “ಅಯ್ಯೋ ರಾಮಾ, ಬಿದ್ದ ಹಲ್ಲನ್ನ ಸಗಣೀಲಿಟ್ಟು ಹೆಂಚಿನ ಮೇಲೆ ಎಸೀತಾರೆ ಕಣ್ರೀ, ದೇವರ ಮೊಸರಿನ ಪಕ್ಕ ಇಡ್ತಾರಾ?” ಎಂದು ಫ್ರಿಜ್ಜನ್ನೂ ತೊಳೆದು, ತಮ್ಮನ್ನು ಶಾಸ್ತ್ರೋಕ್ತವಾಗಿ ಎಸೆದೇಬಿಟ್ಟಳು. ಅರವತ್ತೆರಡರ ವಯಸ್ಸಿನಲ್ಲಿ ಪಂಚೆ ಎತ್ತಿಕಟ್ಟಿ ಏಣಿ ಹತ್ತಿದೆ. ರಜೆಗೆ ಬಂದಿದ್ದ ನೆಂಟರ ಮಕ್ಕಳ ಹಲ್ಲುಗಳೂ ಅಲ್ಲಿಗೇ ಹೋಗಿದ್ದರಿಂದ, ಒಂದೇ ಥರದ ಐದು ಉಂಡೆ! ಕೆಳಗಿನಿಂದ ಎದುರುಮನೆ ಆಂಜಿನಮ್ಮ, “ಯಾಕ್ ಸ್ವಾಮಿ, ಹೆಂಚಿನ ಮೇಲೆ ಬೆರಣಿ ತಟ್ತಿದ್ದೀರಾ?” ಎಂದು ಕೇಳಿದರು.

ಆದಕಾರಣ, ಐದರಲ್ಲಿ ತಾವಿರುವ ಉಂಡೆ ಯಾವುದೆಂದು ದಯಮಾಡಿ ಒಮ್ಮೆ ಕೆಮ್ಮಿ ತಿಳಿಸಿ, ಸೋಮವಾರದೊಳಗೆ ನನ್ನ ದವಡೆಯಲ್ಲಿ ಅಧಿಕಾರ ಸ್ವೀಕರಿಸಬೇಕಾಗಿ ಪ್ರಾರ್ಥನೆ. ಅನನುಕೂಲವಾದಲ್ಲಿ, ಇಲಿಗಳಿಗೆ ಕೊಟ್ಟಿದ್ದರಲ್ಲಿ ನಾಲ್ಕನ್ನಾದರೂ ಇತ್ತ ಕಳಿಸಿಕೊಡಿ, ಸಣ್ಣದಾದರೂ ಹೊಂದಿಕೊಳ್ಳುತ್ತೇನೆ.

ಸೋಮವಾರದವರೆಗೆ ಹಲ್ಲುಳ್ಳ,
ತಮ್ಮ ವಿಶ್ವಾಸಿ,
ವೆಂಕಟರಮಣಾಚಾರ್ಯ

ಮರೆತಿದ್ದ ಮಾತು: ನಿನ್ನೆ ಒಂದು ಗೃಹಪ್ರವೇಶಕ್ಕೆ ನನ್ನ ಬದಲು, ನನ್ನೆದುರೇ, ಮಗ ಶ್ರೀರಾಮನನ್ನು ಕೂರಿಸಿದರು. ಎರಡು ಕಡೆ ಮಂತ್ರ ನುಂಗಿದ, ಒಂದು ಕಡೆ ಶ್ರಾದ್ಧದ ಸಾಲನ್ನೇ ಹೇಳಿದ. ಮೂವತ್ತೆರಡು ಹಲ್ಲೂ ಗಟ್ಟಿಯಾಗಿರುವುದರಿಂದ ಅದೂ ಸ್ಪಷ್ಟವಾಗಿಯೇ ಕೇಳಿಸಿತು. ಆ ಮನೆಯವರು ನನಗೆ ಕೈಮುಗಿದು, “ಎಷ್ಟ್ ಚೆನ್ನಾಗ್ ಹೇಳಿದ್ರು! ಇನ್ಮೇಲೆ ಇವರನ್ನೇ ಕಳ್ಸಿ ಸ್ವಾಮಿ” ಎಂದರು.