ಗೆದ್ದವರಿಗೆ ಅನ್ವಯಿಸುವುದಿಲ್ಲ

ಹವ್ಯಾಸಿ ಕ್ರೀಡಾಪಟು ಎಂದರೆ ಆಟದಿಂದ ಯಾವ ಲಾಭವನ್ನೂ ಪಡೆಯದವರು. ಗೆಲುವು ಒಂದು ಲಾಭ. ಆದ್ದರಿಂದ ಗೆದ್ದವರು ಹವ್ಯಾಸಿಗಳಲ್ಲ. ಶಿವಮೊಗ್ಗದ ಸಮುದಾಯ ಕ್ರೀಡಾ ಸಹಾಯನಿಧಿ ಮಂಡಳಿಯ ನಾಲ್ಕನೇ ನಿಯಮ ಹೇಳುವುದು ಇಷ್ಟನ್ನೇ. ಆದರೂ ಭದ್ರಾವತಿಯ ಯಶೋಧರಾಗೆ ಇದು ಅರ್ಥವಾಗಲು ಏಳು ತಿಂಗಳು ಹಿಡಿಯಿತು. ತಪ್ಪು ನಿಯಮದ್ದಲ್ಲ.

ಯಶೋಧರಾ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುವವಳು. ಸಂಜೆ ಐದಾಯಿತೆಂದರೆ ಮಷಿನ್ ಮುಚ್ಚಿಟ್ಟು, ಕಾರ್ಖಾನೆಯ ಹಳೇ ಕ್ವಾರ್ಟರ್ಸ್ ಹಿಂದಿನ ಬಯಲಲ್ಲಿ ಹನ್ನೆರಡು ಹುಡುಗಿಯರಿಗೆ ಕಬಡ್ಡಿ ಕಲಿಸುತ್ತಿದ್ದಳು. ಬಯಲೆಂದರೆ ಜಲ್ಲಿ ಬೆರೆತ ಗಟ್ಟಿ ನೆಲ; ಬಿದ್ದರೆ ಮಂಡಿಯ ಚರ್ಮ ಅಲ್ಲೇ ಉಳಿಯುತ್ತಿತ್ತು. ಅಂಥ ನೆಲದಲ್ಲಿ ಬೆಳೆದ ಹುಡುಗಿಯರು ಜಿಲ್ಲೆಯೊಳಗೆ ಯಾರಿಗೂ ಸೋತವರಲ್ಲ. ರಾಜ್ಯಮಟ್ಟಕ್ಕೆ ಹೋದಾಗ ಮಾತ್ರ ಮೊದಲ ಪಂದ್ಯಕ್ಕೇ ಹೊರಬಿದ್ದರು. ಅಲ್ಲಿ ಆಟ ಮ್ಯಾಟ್ ಮೇಲೆ, ಮತ್ತು ಮ್ಯಾಟನ್ನು ಅವರು ಕಂಡದ್ದೇ ಅವತ್ತು. ರೈಡ್ ಹೋದ ಸುಮನಾ ತಿರುಗುವಾಗ ಜಾರಿ, ಕಾಲು ಉಳುಕಿಸಿಕೊಂಡು ಬಂದಳು.

"ಅಕ್ಕಾ, ಈ ವರ್ಷ ಹೆಂಗಾದ್ರೂ ಒಂದು ಮ್ಯಾಟ್ ತರಿಸ್ರಿ. ಮುಂದಿನ ವರ್ಷ ನಮ್ಮಪ್ಪ ಆಡಕ್ಕೆ ಬಿಡಲ್ಲ. ಗಂಡು ನೋಡಕ್ಕೆ ಶುರು ಮಾಡಿದಾರೆ," ಎಂದಳು.

ಯಶೋಧರಾ ಅರ್ಜಿ ಬರೆದುಕೊಂಡು ಶಿವಮೊಗ್ಗದ ಬಸ್ ಹತ್ತಿದಳು.

ಮಂಡಳಿಯ ಸೂಪರಿಂಟೆಂಡೆಂಟ್ ಷಣ್ಮುಖಪ್ಪನವರು ಬಹಳ ಸಜ್ಜನರು. ಕುರ್ಚಿ ಕೊಟ್ಟರು, ನೀರು ಕೊಟ್ಟರು, ಅರ್ಜಿಯನ್ನು ಕೈಗೆತ್ತಿಕೊಂಡರು.

"ಸಂಘ ರಿಜಿಸ್ಟರ್ ಆಗಿದೆ, ಸಂತೋಷ. ಆಟಗಾರರ ಪಟ್ಟಿ ಇದೆ, ಸಂತೋಷ. ಈ ಕಟ್ಟು ಏನಮ್ಮಾ?"

"ಗೆದ್ದಿರೋ ಸರ್ಟಿಫಿಕೇಟ್ ಸಾರ್. ಹದಿನಾಲ್ಕಿದಾವೆ."

ಷಣ್ಮುಖಪ್ಪನವರು ಕನ್ನಡಕ ತೆಗೆದರು. ಹತ್ತಿರದವರು ತೀರಿಕೊಂಡ ಸುದ್ದಿ ಕೇಳಿದಂತಿತ್ತು ಮುಖ. "ಹದಿನಾಲ್ಕಾ? ಛೆ, ಛೆ. ಬಹುಮಾನ ಏನಾದ್ರೂ ತಗೊಂಡ್ರಾ?"

"ಹೋದ ವರ್ಷ ಹೊಸಮನೆ ಬಡಾವಣೆ ಟೂರ್ನಮೆಂಟಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕುಕ್ಕರ್ ಕೊಟ್ರು."

"ಅದರಲ್ಲಿ ಅನ್ನ ಮಾಡಿದ್ರಾ?"

"ಮಾಡಿದ್ರು ಸಾರ್."

"ಹಾಗಿದ್ರೆ ವೃತ್ತಿಪರರು," ಎಂದು ಅವರು ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆದುಕೊಂಡರು. ಯಶೋಧರಾಳ ಮುಖ ಬಾಡಿದ್ದು ನೋಡಿ ಅವರಿಗೇ ಮನಸ್ಸು ತಡೆಯಲಿಲ್ಲ. "ದಾರಿ ಇದೆ ಮಾರಾಯ್ತಿ, ಗಾಬರಿ ಆಗಬೇಡಿ. ಒಂಬತ್ತನೇ ನಿಯಮದ ಪ್ರಕಾರ ಒಂದೇ ಒಂದು ಸೋತ ಪ್ರಮಾಣಪತ್ರ ಹಾಜರುಪಡಿಸಿದರೆ ಹಿಂದಿನ ಗೆಲುವೆಲ್ಲ ಮನ್ನಾ ಆಗ್ತದೆ."

"ರಾಜ್ಯಮಟ್ಟದಲ್ಲಿ ಸೋತಿದೀವಲ್ಲ ಸಾರ್!"

"ಅದು ಜಿಲ್ಲೆಯ ಹೊರಗಿನ ಸೋಲು. ನಮ್ಮದು ಸ್ಥಳೀಯ ಪ್ರೋತ್ಸಾಹ. ಇಲ್ಲೇ ಸೋತಿರಬೇಕು."

ಇಲ್ಲೇ ಸೋಲಲು ಎದುರಾಳಿ ಬೇಕು. ಆಲ್ಕೊಳದ ಮಹಿಳಾ ತಂಡದ ತರಬೇತುದಾರ ಜ್ಞಾನೇಶ್ ಫೋನಿನಲ್ಲಿ ತಕ್ಷಣ ಒಪ್ಪಿಕೊಂಡರು. ಅಷ್ಟು ಸಲೀಸಾಗಿ ಯಾಕೆ ಒಪ್ಪಿಕೊಂಡರು ಎಂಬುದು ಪಂದ್ಯ ಶುರುವಾದ ಮೇಲೆ ತಿಳಿಯಿತು. ಅವರೂ ಅದೇ ನಿಧಿಗೆ ಅರ್ಜಿ ಹಾಕಿದ್ದರು. ಅವರಿಗೂ ಒಂದು ಸೋಲು ಬೇಕಾಗಿತ್ತು.

ನಿವೃತ್ತ ಪಿ.ಟಿ. ಮೇಷ್ಟ್ರು ಕೆಂಚಪ್ಪ ಸೀಟಿ ಊದಿದರು. ಮೊದಲ ರೈಡಿಗೆ ಹೋದ ಸುಮನಾ ಗೆರೆ ದಾಟಿದವಳೇ ಕಬಡ್ಡಿ ಕಬಡ್ಡಿ ಅನ್ನುವುದನ್ನು ನಿಲ್ಲಿಸಿ, "ಊಟ ಆಯ್ತಾ?" ಎಂದು ಕೇಳಿದಳು. ದಮ್ಮು ಬಿಟ್ಟರೆ ಔಟ್. ಆಲ್ಕೊಳಕ್ಕೆ ಒಂದು ಅಂಕ. ಆಲ್ಕೊಳದ ಹುಡುಗಿ ಈ ಕಡೆ ಬಂದು, "ಆಯ್ತು, ನಿಮ್ದು?" ಎಂದಳು. ಭದ್ರಾವತಿಗೆ ಒಂದು ಅಂಕ. ಹೀಗೆ ತಿಂಡಿ, ಕಾಲೇಜು, ಬಸ್ಸಿನ ಟೈಮು, ಯಾರ ಅಕ್ಕನಿಗೆ ಎಲ್ಲಿ ಗಂಡು ಗೊತ್ತಾಯಿತು ಎಂಬುದೆಲ್ಲ ವಿಚಾರಿಸಿಕೊಂಡು ಆಟ ಬಿರುಸಾಗಿ ನಡೆಯಿತು. ಯಾರೂ ಯಾರ ಕಾಲನ್ನೂ ಹಿಡಿಯಲಿಲ್ಲ. ಕೊನೆಯ ರೈಡಿನಲ್ಲಿ ಆಲ್ಕೊಳದವಳು ಅಂಕಣದ ಹಿಂದಿನ ಗೆರೆಯನ್ನೇ ದಾಟಿ, ಮೈದಾನ ದಾಟಿ, ಎಳನೀರಿನವನ ಹತ್ತಿರ ಹೋಗಿ ನಿಂತಳು. ಸೀಟಿ ಬಿತ್ತು. ಮೂವತ್ತೊಂದು, ಮೂವತ್ತೊಂದು.

ಕೆಂಚಪ್ಪ ಮೇಷ್ಟ್ರ ಕಣ್ಣು ಒದ್ದೆಯಾಗಿತ್ತು. "ಮೂವತ್ತು ವರ್ಷ ಸೀಟಿ ಊದಿದೀನಿ. ಇಂಥ ಸೌಹಾರ್ದ ನೋಡಿರ್ಲಿಲ್ಲ," ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಯಾರೂ ಹಾಡು ಹೇಳಲಿಲ್ಲ. ಸುಮನಾ ಕಿಟಕಿಗೆ ತಲೆ ಆನಿಸಿ, "ಅಕ್ಕಾ, ಅವಳು ನನ್ನ ಕೈಯಳತೆಯಲ್ಲೇ ಇದ್ಲು. ಮುಟ್ಟದೇ ಇರೋದಕ್ಕೆ ಜೀವ ಹೋದಂಗಾಯ್ತು," ಎಂದಳು. ಯಶೋಧರಾ ಅವಳ ಕೈ ಹಿಡಿದುಕೊಂಡಳು.

ಎರಡು ತಿಂಗಳ ಮೇಲೆ ಮಂಡಳಿಯಿಂದ ಪತ್ರ ಬಂತು.

"ವಿಷಯ: ಸಮಬಲದ ಕುರಿತು ಸ್ಪಷ್ಟೀಕರಣ. ಸದರಿ ಪಂದ್ಯದಲ್ಲಿ ಎರಡೂ ತಂಡಗಳು ಸೋಲಲು ವಿಫಲವಾಗಿರುವುದರಿಂದ ತಲಾ ಅರ್ಧ ಗೆದ್ದಿರುವುದಾಗಿ ಪರಿಗಣಿಸಿ, ಎರಡನ್ನೂ ಅರೆ ವೃತ್ತಿಪರ ತಂಡಗಳೆಂದು ಘೋಷಿಸಲಾಗಿದೆ. ಕುಕ್ಕರುಗಳ ವಿಚಾರ ಪ್ರತ್ಯೇಕ ಪರಿಶೀಲನೆಯಲ್ಲಿದೆ."

ಆಗ ಷಣ್ಮುಖಪ್ಪನವರೇ ಕನಿಕರಪಟ್ಟು, "ರವಿಶಂಕರ ಅವರನ್ನ ಒಂದ್ಸಲ ಕಾಣಿ," ಎಂದರು. ರವಿಶಂಕರ ಮಂಡಳಿಯ ಸದಸ್ಯರು; ನಾಲ್ಕನೇ ನಿಯಮ ಬರೆದವರು; ಮಂಡಳಿಯಿಂದ ಅನುಮೋದಿತವಾದ ಏಕೈಕ ಕ್ರೀಡಾ ಸಾಮಗ್ರಿ ಅಂಗಡಿಯ ಮಾಲೀಕರು; ಮೂರು ವರ್ಷದಿಂದ ಸತತವಾಗಿ ಸಹಾಯಧನ ಪಡೆದ ಕುಸ್ತಿ ಸಂಘದ ಅಧ್ಯಕ್ಷರು. ಸಂಘದ ಮ್ಯಾಟುಗಳು ಅವರ ಕಲ್ಯಾಣ ಮಂಟಪದಲ್ಲಿ, ವರನ ಕಡೆಯವರು ಮಲಗುವ ಕೋಣೆಯಲ್ಲಿದ್ದವು.

"ನಿಮ್ಮ ಸಂಘದಲ್ಲಿ ಕುಸ್ತಿ ಆಡೋರು ಯಾರು ಸಾರ್?" ಯಶೋಧರಾ ಕೇಳಿದಳು.

"ಯಾರೂ ಇಲ್ಲ ಕಣಮ್ಮಾ. ಅದಕ್ಕೇ ಒಂದೂ ಆಕ್ಷೇಪಣೆ ಇಲ್ಲದೆ ಪಾಸಾಗ್ತಿದೆ." ಅವರು ಮುಂದೆ ಬಾಗಿ, ಮಗಳಿಗೆ ಬುದ್ಧಿ ಹೇಳುವಂತೆ ಹೇಳಿದರು. "ನೀವು ಆಡೋರನ್ನ ಸಂಘಕ್ಕೆ ಸೇರಿಸಿದ್ದೇ ತಪ್ಪು. ಆಡೋರು ಇವತ್ತಲ್ಲ ನಾಳೆ ಗೆದ್ದೇ ಗೆಲ್ತಾರೆ. ಆಡದೇ ಇರೋರನ್ನ ಹಾಕಿ. ಮ್ಯಾಟು ನಮ್ಮ ಅಂಗಡಿಯಿಂದಲೇ ಬರ್ತದೆ, ಅದರ ಯೋಚನೆ ಬಿಡಿ."

ಯಶೋಧರಾಗೆ ಸಿಟ್ಟು ಬಂತು. ಸಿಟ್ಟು ಬಸ್‌ಸ್ಟ್ಯಾಂಡ್ ತನಕ ಇತ್ತು. ಭದ್ರಾವತಿ ತಲುಪುವಷ್ಟರಲ್ಲಿ ಅವಳು ಮನಸ್ಸಿನಲ್ಲೇ ಪಟ್ಟಿ ಮಾಡಿ ಮುಗಿಸಿದ್ದಳು: ಸುಮನಾಳ ತಾಯಿ ದುರ್ಗಮ್ಮ, ಪಕ್ಕದ ಮನೆ ನಂಜಮ್ಮ, ಇಡ್ಲಿ ಮಾರುವ ಸುವರ್ಣಮ್ಮ, ಹೀಗೆ ಹುಡುಗಿಯರ ತಾಯಂದಿರೂ ಅಜ್ಜಿಯರೂ ಸೇರಿ ಹನ್ನೆರಡು ಜನ. ಹೊಸ ಸಂಘದ ಅರ್ಜಿ ಒಂಬತ್ತು ದಿನದಲ್ಲಿ ಮಂಜೂರಾಯಿತು. "ಎಂದೂ ಆಡಿಲ್ಲದ ಕಾರಣ ಸರ್ವ ರೀತಿಯಲ್ಲಿ ಅರ್ಹ" ಎಂದು ಷರಾ ಇತ್ತು.

ಮ್ಯಾಟ್ ಲಾರಿಯಲ್ಲಿ ಬಂತು. ಹುಡುಗಿಯರೇ ಕಲ್ಲು ಆರಿಸಿ ಹಾಸಿದರು. ಹಾಸಿ ಮುಗಿಸಿದ ಮೇಲೆ ಯಶೋಧರಾ ಆದೇಶದ ಹಿಂದಿನ ಪುಟ ಓದಿದಳು. ಫಲಾನುಭವಿಗಳ ಹೊರತು ಬೇರೆ ಯಾರೂ ಮ್ಯಾಟಿನ ಮೇಲೆ ಕಾಲಿಡತಕ್ಕದ್ದಲ್ಲ. ವೃತ್ತಿಪರರ ಪಾದದ ಗುರುತು ಕಂಡುಬಂದಲ್ಲಿ ಮ್ಯಾಟನ್ನು ಹಿಂಪಡೆದು, ಸದಸ್ಯರನ್ನು ಆಜೀವ ಅನರ್ಹಗೊಳಿಸಲಾಗುವುದು. ದಿನಕ್ಕೊಂದು ಫೋಟೊ ಕಳಿಸಬೇಕು.

ಅಲ್ಲಿಂದ ಮುಂದೆ ಸಂಜೆ ಹೊತ್ತು ಹನ್ನೆರಡು ಹೆಂಗಸರು ಮ್ಯಾಟಿನ ಮೇಲೆ ಕೂತು ಅವರೆಕಾಯಿ ಸುಲಿದರು, ಹೂ ಕಟ್ಟಿದರು. ಪಕ್ಕದ ಜಲ್ಲಿ ನೆಲದಲ್ಲಿ ಹುಡುಗಿಯರು ಆಡಿದರು. ಬಿದ್ದು ಮಂಡಿ ಒಡೆದುಕೊಂಡವರಿಗೆ ತಾಯಂದಿರು ಕೂತಲ್ಲಿಂದಲೇ ಅರಿಶಿನ ಎಸೆದರು. ಜಿಲ್ಲಾ ಪಂದ್ಯ ಗೆದ್ದ ಹುಡುಗಿಯರು ರಾಜ್ಯಮಟ್ಟಕ್ಕೆ ಹೋದರು, ಮ್ಯಾಟಿನ ಮೇಲೆ ಜಾರಿದರು, ವಾಪಸು ಬಂದರು. ಸುಮನಾಗೆ ಗಂಡು ಗೊತ್ತಾಯಿತು. ಹುಡುಗನ ಕಡೆಯವರು ಮ್ಯಾಟ್ ನೋಡಿ, ಒಳ್ಳೇ ಅನುಕೂಲ ಇದೆ ಊರಲ್ಲಿ ಎಂದು ಮೆಚ್ಚಿಕೊಂಡರು.

ತಪಾಸಣೆಗೆ ಸ್ವತಃ ಷಣ್ಮುಖಪ್ಪನವರೇ ಬಂದರು. ಚಪ್ಪಲಿ ಬಿಟ್ಟು, ಮ್ಯಾಟಿನ ಅಂಚಿನಲ್ಲಿ ಕೂತು, ಅಂಗೈಯಿಂದ ಸವರಿ ನೋಡಿದರು. ಒಂದು ಗೀರೂ ಇಲ್ಲ. ಜಿಲ್ಲೆಯ ಅತ್ಯುತ್ತಮ ಹವ್ಯಾಸಿ ಕಬಡ್ಡಿ ಸಂಘ ಇದೇ ಎಂದು ಅಲ್ಲೇ ಪ್ರಕಟಿಸಿದರು. ಫೋಟೊಗೆ ಎಲ್ಲರೂ ಸೆರಗು ಸರಿಮಾಡಿಕೊಂಡರು.

ಆಗ ದುರ್ಗಮ್ಮ ಎದ್ದಳು. ಸೆರಗನ್ನು ಸೊಂಟಕ್ಕೆ ಬಿಗಿದು, ಬಗ್ಗಿ ಮ್ಯಾಟ್ ಮುಟ್ಟಿ ಹಣೆಗೊತ್ತಿಕೊಂಡಳು. "ಸಾರ್, ಒಂದೇ ಒಂದು ರೈಡ್ ಹೋಗ್ಲಾ? ಮಗಳನ್ನ ನೋಡಿ ನೋಡಿ ನಂಗೂ ಬರ್ತದೆ ಅನ್ಸುತ್ತೆ."

ಷಣ್ಮುಖಪ್ಪನವರ ಕೈಯಿಂದ ಫೈಲು ಬಿತ್ತು.

"ಅಯ್ಯೋ ಬೇಡಮ್ಮಾ, ಕೂತ್ಕೊಳ್ಳಿ! ಗೆದ್ದುಗಿದ್ದೀರಿ!"

ದುರ್ಗಮ್ಮ ಸೊಂಟಕ್ಕೆ ಬಿಗಿದ ಸೆರಗನ್ನು ಬಿಚ್ಚಿದಳು. ಆಮೇಲೆ ಕೂತಳು. ಎಲ್ಲರಿಗೂ ಜೀವ ಬಂದಂತಾಗಿ ಚಪ್ಪಾಳೆ ತಟ್ಟಿದರು. ಜಲ್ಲಿ ನೆಲದಿಂದ ಹುಡುಗಿಯರೂ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಯಶೋಧರಾ.